ಚೌಡಮ್ಮನ ಕಾವಲಿನ ಡೀಸೆಲ್

ಪುಷ್ಪಮ್ಮನ ಸೌಟಿಗೆ ಕಣ್ಣಿಲ್ಲ ಎಂದು ನಮ್ಮೂರಲ್ಲಿ ಆಡಿಕೊಳ್ಳುವುದುಂಟು. ಅವಳು ಶಾಲೆಯ ಬಿಸಿಯೂಟದ ಅಡುಗೆಯವಳು. ಸಾಲಿನಲ್ಲಿ ಸ್ವಂತ ತಮ್ಮನ ಮಗ ಕೂತಿದ್ದರೂ ಒಂದೇ ಸೌಟು ಸಾರು, ಗಣೇಶಮೂರ್ತಿ ಭಟ್ಟರ ಮೊಮ್ಮಗಳು ಕೂತಿದ್ದರೂ ಅಷ್ಟೇ. ಒಮ್ಮೆ ನಾನು ಡ್ಯೂಟಿ ಮುಗಿಸಿ ಹಸಿದು ಹೋಗಿ, "ಅಕ್ಕಾ, ಒಂಚೂರು ಅನ್ನ ಉಳಿದಿದ್ಯಾ?" ಎಂದು ಕೇಳಿದೆ. "ಉಳಿದಿದ್ದು ಮಕ್ಕಳದ್ದು. ನೀನ್ಯಾವ ಕ್ಲಾಸು?" ಎಂದಳು. ಮೈಯೆಲ್ಲ ಉರಿದು ಹೋಯಿತು ನನಗೆ. ಆದರೆ ಆ ಶಾಲೆಯ ಅಕ್ಕಿ ಮೂಟೆಯಿಂದ ಒಂದು ಹಿಡಿಯೂ ಯಾರ ಮನೆಗೂ ಹೋಗಿಲ್ಲ ಎನ್ನುವುದನ್ನು ಅವಳ ವೈರಿಗಳೂ ಒಪ್ಪುತ್ತಾರೆ.

ನಾನು ವೆಂಕಟ್ರಮಣ. ತೀರ್ಥಹಳ್ಳಿಯಿಂದ ನಗರ ಎಂಬ ಊರಿನ ಕಡೆಗೆ ಓಡುತ್ತಿದ್ದ ಒಂದು ಖಾಸಗಿ ಬಸ್ಸಿನ ಕಂಡಕ್ಟರ್. ಈಗ ಆ ಬಸ್ಸು ಮಾಲೀಕರ ಶೆಡ್ಡಿನಲ್ಲಿ ನಿಂತಿದೆ, ಡ್ರೈವರ್ ಸೀಟಿನ ಕೆಳಗೆ ಕೋಳಿ ಮೊಟ್ಟೆ ಇಡುತ್ತಿದೆ. ನಮ್ಮೂರು ಗುಬ್ಬಿಗದ್ದೆ, ಕವಲೇದುರ್ಗದ ಬುಡದಲ್ಲಿದೆ. ಇಲ್ಲಿಂದ ಬಸ್ಸು ಬಿಟ್ಟರೆ ಕಾಲು, ಕಾಲು ಬಿಟ್ಟರೆ ದುರ್ಗೇಶನ ಜೀಪು. ಬೇರೆ ದಾರಿ ಇಲ್ಲ.

ಎಣ್ಣೆ ಕಡಿಮೆಯಾಗುತ್ತಿದೆ ಎಂದು ಟಿವಿಯಲ್ಲಿ ಕೋಟು ಹಾಕಿದವರು ವರ್ಷಗಟ್ಟಲೆ ಒದರಿದರು. ನಾವು ಚಾನೆಲ್ ಬದಲಾಯಿಸಿದೆವು. ಎಲ್ಲೋ ಸಮುದ್ರದಾಚೆಯ ಬಾವಿ ಬತ್ತಿದರೆ ಗುಬ್ಬಿಗದ್ದೆಗೇನು ಮಾರಾಯ್ರೆ, ಅಂತ. ಆಮೇಲೆ ನೋಡಿ, ಮೊದಲು ಹೊಸನಗರದ ಬಂಕಿನಲ್ಲಿ ಸಾಲು ಬೆಳೆಯಿತು, ಆಮೇಲೆ ಕೂಪನ್ ಬಂತು, ಆಮೇಲೆ ಕೂಪನ್ ಇದ್ದರೂ ಬಂಕಿನಲ್ಲಿ ಎಣ್ಣೆ ಇಲ್ಲ. ಸಂಜೆಯ ಬಸ್ಸು ನಿಂತಿತು. ಬೆಳಗಿನದು ವಾರಕ್ಕೆರಡು ಸಲವಾಯಿತು, ಕಡೆಗೆ ಅದೂ ನಿಂತು ನಾನು ಮನೆಯಲ್ಲಿ ಕೂತೆ. ಗ್ಯಾಸ್ ಸಿಲಿಂಡರ್ ಬರುವುದು ತಡವಾದಾಗ ಹೆಂಗಸರು ಎರಡೆರಡು ಮನೆ ಸೇರಿ ಒಂದೇ ಒಲೆ ಹಚ್ಚಲು ಶುರು ಮಾಡಿದರು. ಟಿಲ್ಲರ್‌ಗಳು ನಿಂತವು. ಮರೆತೇಹೋಗಿದ್ದ ಮುಯ್ಯಾಳು ಮತ್ತೆ ಬಂತು: ಇವತ್ತು ನಿನ್ನ ಗದ್ದೆಗೆ ನಾನು, ನಾಳೆ ನನ್ನ ಗದ್ದೆಗೆ ನೀನು. ಕಾಲಿನ ಮೀನಖಂಡ ನೋಯುತ್ತಿತ್ತು, ಆದರೆ ಬದುಕು ನಡೆಯುತ್ತಿತ್ತು. ನಡೆಯದೇ ಇದ್ದದ್ದು ಒಂದೇ, ಆಸ್ಪತ್ರೆ. ತೀರ್ಥಹಳ್ಳಿಯ ಆಸ್ಪತ್ರೆಗೆ ರೋಗಿಯನ್ನು ಹೊತ್ತುಕೊಂಡು ಎಷ್ಟು ದೂರ ಹೋಗುತ್ತೀರಿ?

ಅದಕ್ಕೇ ಶಾಲೆಯ ಜಗಲಿಯಲ್ಲಿ ಊರೆಲ್ಲ ಸೇರಿ ಮೀಟಿಂಗ್ ಮಾಡಿದೆವು. ಟಿಲ್ಲರ್ ಇದ್ದವರು, ಪಿಕಪ್ ಇದ್ದವರು, ಅಕ್ಕಿ ಮಿಲ್ಲಿನ ಗೋಪಾಲಪ್ಪ, ಎಲ್ಲರೂ ತಮ್ಮ ಕೂಪನ್ನಿನ ಡೀಸೆಲ್‌ನಲ್ಲಿ ಒಂದು ಪಾಲು ಊರಿಗೆ ಕೊಡಬೇಕು. ಅದೆಲ್ಲ ಒಂದು ಡ್ರಮ್ಮಿನಲ್ಲಿರಬೇಕು. ದುರ್ಗೇಶನ ಜೀಪು ಆಸ್ಪತ್ರೆಗೆ ಹೋಗುವಾಗ ಮಾತ್ರ ಅದರಿಂದ ತೆಗೆಯಬೇಕು. ಇಷ್ಟು ಒಪ್ಪುವುದಕ್ಕೆ ಅರ್ಧ ಗಂಟೆ ಸಾಕಾಯಿತು. ಡ್ರಮ್ಮು ಯಾರ ಮನೆಯಲ್ಲಿಡುವುದು ಎನ್ನುವುದಕ್ಕೆ ಮಧ್ಯಾಹ್ನವೆಲ್ಲ ಹೋಯಿತು. ಗೋಪಾಲಪ್ಪನ ಮನೆಯಲ್ಲಿಟ್ಟರೆ ಮಿಲ್ಲು ಓಡುತ್ತದೆ ಎಂದರು. ದುರ್ಗೇಶನ ಮನೆಯಲ್ಲಿಟ್ಟರೆ ಅವನು ಹೆಂಡತಿಯನ್ನು ಸಿನಿಮಾಕ್ಕೆ ಕರೆದುಕೊಂಡು ಹೋಗುತ್ತಾನೆ ಎಂದರು. ನನ್ನ ಹೆಸರು ಬಂದಾಗಂತೂ ಎಲ್ಲರೂ ನಕ್ಕುಬಿಟ್ಟರು. ಥತ್, ಕಂಡಕ್ಟರ್ ಎಂದ ಕೂಡಲೇ ಚಿಲ್ಲರೆ ನುಂಗುವವನು ಎಂದೇ ಲೆಕ್ಕ ಈ ಜನಕ್ಕೆ!

ಕಡೆಗೆ ಭಟ್ಟರು ಒಂದು ದಾರಿ ಹೇಳಿದರು. ನಮ್ಮ ಕಡೆ ತೋಟಕ್ಕೆ, ಬಾವಿಯ ಪಂಪಿಗೆ, ಮರದ ಹಲಸಿನ ಹಣ್ಣಿಗೆ ಕೂಡ ಒಂದು ಬೋರ್ಡು ನೇತು ಹಾಕುತ್ತೇವೆ: ದೇವಿಯ ಕಾವಲಿದೆ. ಬೇಲಿ ಬೇಡ, ನಾಯಿ ಬೇಡ. ಹೊರಗಿನಿಂದ ಬಂದ ಕಳ್ಳನೂ ಓದಿಕೊಂಡು ಕೈಮುಗಿದು ಹೋಗುತ್ತಾನೆ. ಡ್ರಮ್ಮನ್ನೂ ಹಾಗೇ ನಮ್ಮೂರ ಚೌಡಮ್ಮನ ಬನದಲ್ಲಿಡೋಣ ಎಂದರು. ಮನುಷ್ಯರನ್ನು ನಂಬಲಾಗದ ಮೇಲೆ ಇನ್ನೇನು ಮಾಡುವುದು, ಎಲ್ಲರೂ ಹೂಂ ಎಂದರು. ಊರಿನ ಪರವಾಗಿ ಐವರನ್ನು ಆರಿಸಿದರು: ಭಟ್ಟರು, ಗೋಪಾಲಪ್ಪ, ಪುಷ್ಪಮ್ಮ, ಅಡಿಕೆ ಕೊಯ್ಯುವ ಗೊನೆಗಾರ ಅಂಜನಪ್ಪ, ಮತ್ತೆ, ನಗಬೇಡಿ, ನಾನು. ಐದು ಬಲಗೈ ಒಟ್ಟಿಗೆ ಡ್ರಮ್ಮಿನ ಮೇಲೆ ಇಟ್ಟ ಮೇಲೆಯೇ ಮುಚ್ಚಳ ತೆಗೆಯಬೇಕು. ಚೌಡಮ್ಮನ ಕಲ್ಲಿಗೆ ಹೂವಿಟ್ಟು, ಕಾಯಿ ಒಡೆದು, ಐವರೂ ಮಾತು ಕೊಟ್ಟೆವು.

ಹೂವಿಡುವ ಮುಂಚೆ ಪುಷ್ಪಮ್ಮ ಒಂದು ಮಾತು ಸೇರಿಸಿದಳು. "ಆಸ್ಪತ್ರೆಗೆ ಅಂದ್ರೆ ಆಸ್ಪತ್ರೆಗೇ. ಮದುವೆಗಲ್ಲ, ತಿಥಿಗಲ್ಲ, ಯಾರನ್ನೋ ನೋಡ್ಕೊಂಡು ಬರಕ್ಕಲ್ಲ. ಉಳಿಯೋರಿಗೆ ಮಾತ್ರ."

ಅವಳು ಹಾಗೆ ಹೇಳಿದ್ದಕ್ಕೆ ಕಾರಣ ನಮಗೆಲ್ಲ ಗೊತ್ತಿತ್ತು. ಅವಳ ಗಂಡ ಮಂಗನ ಕಾಯಿಲೆಯಲ್ಲಿ ತೀರಿಕೊಂಡ. ಜ್ವರ ಬಂದವನನ್ನು ಮೂರು ದಿನ ಕಷಾಯ ಕುಡಿಸಿ ಮನೆಯಲ್ಲೇ ಇಟ್ಟುಕೊಂಡಿದ್ದರು. ಕಾಯಿಲೆ ಏರಿದ ದಿನ ಊರಿನ ಒಂದೇ ಗಾಡಿ ದಿಬ್ಬಣ ಹೊತ್ತುಕೊಂಡು ಘಾಟಿ ಇಳಿದಿತ್ತು. ಗಾಡಿ ಬರುವಷ್ಟರಲ್ಲಿ ಅವನಿಗೆ ಮಾತು ನಿಂತಿತ್ತು. ಆಗ ಮಗಳು ಶ್ಯಾಮಲಾ ಇನ್ನೂ ಲಂಗ ಹಾಕುವ ಹುಡುಗಿ. ಇವಳು ಅಳಲಿಲ್ಲ, ಮಾರನೇ ವಾರ ಶಾಲೆಯ ಅಡುಗೆಗೆ ಸೇರಿದಳು. ದಿಬ್ಬಣ ಹೊರಟಿದ್ದ ಆ ಮನೆಯವರೊಂದಿಗೆ ಇವತ್ತಿಗೂ ಮಾತಿಲ್ಲ.

ಡ್ರಮ್ಮಿನ ವ್ಯವಸ್ಥೆ ಚೆನ್ನಾಗಿಯೇ ನಡೆಯಿತು. ಒಮ್ಮೆ ಹಾವು ಕಚ್ಚಿದವನಿಗೆ, ಇನ್ನೊಮ್ಮೆ ಎದೆನೋವು ಬಂದ ಅಜ್ಜನಿಗೆ ತೆಗೆದೆವು. ಇಬ್ಬರೂ ಬದುಕಿದರು. ಯಾರೂ ಒಂದು ಹನಿ ಕದಿಯಲಿಲ್ಲ. ನಮ್ಮ ಬಗ್ಗೆ ನಮಗೇ ಹೆಮ್ಮೆ ಬರಲು ಶುರುವಾಯಿತು.

ಅಷ್ಟರಲ್ಲಿ ಅಂಜನಪ್ಪನ ಅಪ್ಪನಿಗೆ ಕೊನೆಗಾಲ ಬಂತು. ಅಪ್ಪ ಇದ್ದದ್ದು ಹುಲಿಕಲ್ಲಿನಲ್ಲಿ, ದೊಡ್ಡ ಮಗನ ಮನೆಯಲ್ಲಿ. ಫೋನು ಬಂದದ್ದು ಬೆಳಿಗ್ಗೆ. ವೈದ್ಯರು ಕೈಚೆಲ್ಲಿದ್ದಾರೆ, ಕಣ್ಣು ತೆರೆದಾಗೆಲ್ಲ "ಅಂಜ ಬಂದ್ನಾ?" ಎಂದು ಕೇಳುತ್ತಿದ್ದಾನೆ. ಅಂಜನಪ್ಪ ಮಾತು ಕಡಿಮೆಯ ಮನುಷ್ಯ. ಅಡಿಕೆ ಮರದ ತುದಿಯಲ್ಲಿ ದಿನ ಕಳೆದವನಿಗೆ ನೆಲದ ಮೇಲೆ ಮಾತು ಬರುವುದಿಲ್ಲ ಎಂದು ನಾನೇ ತಮಾಷೆ ಮಾಡುತ್ತಿದ್ದೆ. ಅವತ್ತು ಅವನು ಬನದ ಹತ್ತಿರ ಬಂದು ನಿಂತು ಕೇಳಿದ. ಹೋಗಲಿಕ್ಕೆ ಮಾತ್ರ ಡೀಸೆಲ್ ಕೊಡಿ, ಬರುವಾಗ ನಡೆದು ಬರುತ್ತೇನೆ ಎಂದ.

ಭಟ್ಟರು ಕೈ ಇಟ್ಟರು. ಗೋಪಾಲಪ್ಪ ಇಟ್ಟ, ನಾನಿಟ್ಟೆ. ಅಂಜನಪ್ಪನ ಕೈ ಆಗಲೇ ಅಲ್ಲಿತ್ತು. ಪುಷ್ಪಮ್ಮ ಸೆರಗಿನೊಳಗೆ ಕೈ ಕಟ್ಟಿಕೊಂಡು ನಿಂತಳು.

"ನಿಮ್ಮಪ್ಪ ಉಳಿತಾರಾ ಅಂಜನಪ್ಪ?"

"ಇಲ್ಲ ಅಕ್ಕ."

"ಹಂಗಾದ್ರೆ ನಾ ಕೈ ಇಡಲ್ಲ. ನಾಳೆ ಯಾರಿಗೋ ಹೆರಿಗೆ ನೋವು ಬಂದು ಡ್ರಮ್ಮು ಖಾಲಿ ಇದ್ರೆ ಯಾರು ಜವಾಬ್ದಾರಿ? ಅಮ್ಮನ ಮುಂದೆ ಆಡಿದ್ ಮಾತು. ನಾನು ಬೇಕು ಅಂದ್ರೂ ಬಿಡಕ್ಕಾಗಲ್ಲ."

ನನಗೆ ತಲೆ ಕೆಟ್ಟಿತು. "ಏನಕ್ಕ ನೀನು, ಮನುಷ್ಯಳಾ ಕಲ್ಲಾ?" ಎಂದು ಕೂಗಿದೆ. ಅವಳು ನನ್ನ ಕಡೆ ತಿರುಗಲೂ ಇಲ್ಲ. ಅಂಜನಪ್ಪ ಡ್ರಮ್ಮಿನ ಮೇಲಿಂದ ಕೈ ತೆಗೆದು, ಬನಕ್ಕೆ ನಮಸ್ಕಾರ ಮಾಡಿ, ಯಾರದೋ ಸೈಕಲ್ ತೆಗೆದುಕೊಂಡು ಹೊರಟ. ಘಾಟಿಯುದ್ದಕ್ಕೂ ಸೈಕಲ್ ತಳ್ಳಿಕೊಂಡು ಅವನು ಹುಲಿಕಲ್ ತಲುಪಿದಾಗ ಚಿತೆಯೂ ಆರಿತ್ತಂತೆ.

ಅವನು ಹಿಂದಿರುಗಿದ ಮೇಲೆ ಜಗಳವಾಗುತ್ತದೆ ಎಂದುಕೊಂಡಿದ್ದೆವು. ಆಗಲಿಲ್ಲ. ಪುಷ್ಪಮ್ಮ ದಾರಿಯಲ್ಲಿ ಸಿಕ್ಕರೆ ಮೊದಲಿನಂತೆಯೇ "ಏನಕ್ಕ" ಎನ್ನುತ್ತಿದ್ದ. ಮುಯ್ಯಾಳಿಗೆ ಅವಳ ಗದ್ದೆಗೂ ಹೋದ. ಅವನ ಹೆಂಡತಿ ಹಾಲಮ್ಮ ಮಾತ್ರ ಅವಳನ್ನು ಕಂಡರೆ ಮುಖ ತಿರುಗಿಸುತ್ತಿದ್ದಳು.

ಇದಾಗಿ ಎರಡು ತಿಂಗಳಿಗೆ ಶ್ಯಾಮಲಾಳ ಹೆರಿಗೆಯ ದಿನ ಹತ್ತಿರ ಬಂತು. ಅವಳನ್ನು ಸಾಗರಕ್ಕೆ ಮದುವೆ ಮಾಡಿ ಕೊಟ್ಟಿದ್ದರು. ಗಂಡನಿಗೆ ಅಲ್ಲಿ ಟೈಲರ್ ಅಂಗಡಿ. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕೆಂದು ತಾಯಿ ಹಟ ಮಾಡಿ ಬಸ್ಸು ನಿಲ್ಲುವ ಮೊದಲೇ ಕರೆಸಿಕೊಂಡಿದ್ದಳು. ಸಾಗರದಲ್ಲಿದ್ದರೆ ಆಸ್ಪತ್ರೆ ಎರಡು ಬೀದಿ ಆಚೆಗಿತ್ತು ಎಂದು ಆಮೇಲೆ ಎಲ್ಲರೂ ಹೇಳಿದರು. ಆಮೇಲೆ ಹೇಳುವುದಕ್ಕೆ ಏನು, ಬಾಯಿಗೆ ಬಾಡಿಗೆಯೇ?

ಆ ದಿನ ಬೆಳಿಗ್ಗೆ ಬಿಸಿಲೇರುವ ಹೊತ್ತಿಗೆ ಪುಷ್ಪಮ್ಮನ ಮನೆಯಿಂದ ಕೂಗು ಕೇಳಿಸಿತು. ನಾನು ಓಡಿಹೋದೆ. ಆಶಾ ಕಾರ್ಯಕರ್ತೆ ರಂಜನಾ ಆಗಲೇ ಒಳಗಿದ್ದಳು. ಹೊರಗೆ ಬಂದವಳ ಮುಖ ಬಿಳಿಚಿತ್ತು.

"ನೋವಿಗಿಂತ ಮುಂಚೆನೇ ರಕ್ತ ಹೋಗ್ತಿದೆ. ಇಲ್ಲಿ ನನ್ನ ಕೈಲಾಗಲ್ಲ. ಈಗಿಂದೀಗ್ಲೇ ತೀರ್ಥಹಳ್ಳಿಗೆ ಹೋಗ್ಬೇಕು. ತಡ ಮಾಡಿದ್ರೆ ಇಬ್ರೂ ಉಳಿಯಲ್ಲ."

ಆಂಬುಲೆನ್ಸಿಗೆ ಫೋನ್ ಮಾಡಿದೆವು. ಓಡಾಡುತ್ತಿದ್ದ ಒಂದೇ ಗಾಡಿ ಯಾವುದೋ ಕೇಸು ತೆಗೆದುಕೊಂಡು ಶಿವಮೊಗ್ಗಕ್ಕೆ ಹೋಗಿತ್ತು. ದುರ್ಗೇಶ ಜೀಪನ್ನು ಬನದ ಎದುರು ತಂದು ನಿಲ್ಲಿಸಿದ. ಟ್ಯಾಂಕಿನಲ್ಲಿದ್ದ ಎಣ್ಣೆ ಅಲ್ಲಿಯವರೆಗೆ ಬರುವುದಕ್ಕೇ ಮುಗಿಯಿತು. ಹೊಸ ಕೂಪನ್ ಇನ್ನೂ ಬಂದಿರಲಿಲ್ಲ, ಯಾರ ಮನೆಯಲ್ಲೂ ಒಂದು ಲೋಟ ಡೀಸೆಲ್ ಇರಲಿಲ್ಲ. ಇದ್ದದ್ದೆಲ್ಲ ಆ ನೀಲಿ ಡ್ರಮ್ಮಿನಲ್ಲಿತ್ತು.

ಭಟ್ಟರು ಬಂದರು. ಗೋಪಾಲಪ್ಪ ಬಂದ. ಪುಷ್ಪಮ್ಮ ಮಗಳನ್ನು ಚಾಪೆಯ ಮೇಲೆ ಮಲಗಿಸಿ ಎತ್ತಿಸಿಕೊಂಡು ಬಂದು ಜೀಪಿನೊಳಗೆ ಇಡಿಸಿದಳು. ಕೈ ಎಣಿಸಿದರೆ ನಾಲ್ಕು. ಅಂಜನಪ್ಪ ಇಲ್ಲ.

"ಎಲ್ಲೋದ ನಿನ್ನ ಗಂಡ?" ಭಟ್ಟರು ಹಾಲಮ್ಮನನ್ನು ಕೇಳಿದರು.

"ದುರ್ಗದ ಕಡೆ ಹತ್ತಿದ್ರು, ಸೌದೆಗೆ. ಫೋನು ಮನೇಲೇ ಬಿಟ್ಟಿದಾರೆ. ತಗೊಂಡೋಗಿದ್ರೂ ಅಲ್ಲಿ ನೆಟ್ವರ್ಕ್ ಎಲ್ಲಿ ಸಿಗತ್ತೆ?"

"ಹಾಗಾದ್ರೆ ಅವನ ಬದಲು ನೀನು ಕೈ ಇಡು ಮಾರಾಯ್ತಿ" ಎಂದೆ ನಾನು.

ಹಾಲಮ್ಮ ಎರಡು ಹೆಜ್ಜೆ ಹಿಂದೆ ಸರಿದಳು. "ಮಾತು ಕೊಟ್ಟಿದ್ದು ಅವರು. ಅವರ ಕೈ ನನ್ನ ಕೈ ಹೆಂಗಾಗತ್ತೆ? ಮನೇಲಿ ಮಕ್ಕಳಿದಾವೆ ನಂಗೆ." ಹಾಗೆಂದವಳು ಸುಮ್ಮನೆ ನಿಲ್ಲಲಿಲ್ಲ. ಸೀರೆ ಎತ್ತಿಕಟ್ಟಿ ದುರ್ಗದ ಕಾಲುದಾರಿ ಹಿಡಿದು, ಗಂಟಲು ಹರಿಯುವಂತೆ ಗಂಡನನ್ನು ಕೂಗುತ್ತ ಓಡಿದಳು.

ನಾನು ಭಟ್ಟರ ಮುಖ ನೋಡಿದೆ. ಅವರು ಪಕ್ಕದಲ್ಲಿದ್ದ ಹೆಂಡತಿಗೆ, "ಎಂತ ಮಾಡದು ಹೇಳೇ ಗೊತ್ತಾಗ್ತಿಲ್ಲೆ" ಎಂದು ತಮ್ಮ ಮನೆಮಾತಿನಲ್ಲಿ ಮೆಲ್ಲಗೆ ಹೇಳುತ್ತಿದ್ದರು. ದುರ್ಗೇಶ ಸ್ಟಿಯರಿಂಗ್ ಹಿಡಿದು ಕೂತಿದ್ದ. "ನಾನು ಎಲ್ಲಿಗೆ ಬೇಕಾದ್ರೂ ಓಡಿಸ್ತೀನಿ. ಡ್ರಮ್ಮು ಮಾತ್ರ ಮುಟ್ಟಲ್ಲ. ದಿನಾ ಘಾಟಿ ಹತ್ತಿಳಿಯೋ ಕೈ ಇದು" ಎಂದ. ಊರಿಗೆ ಊರೇ ಅಲ್ಲಿತ್ತು, ಒಬ್ಬರೂ ಡ್ರಮ್ಮಿನ ಒಂದು ಮಾರು ಹತ್ತಿರ ಬರಲಿಲ್ಲ. ನಾನೂ ಅಷ್ಟೇ. ಬಾಯಿ ದೊಡ್ಡದು ನನ್ನದು, ಆದರೆ ಕಾಲು ಏಳಲಿಲ್ಲ. ಕಳ್ಳನಿಗಾಗಿ ಕಟ್ಟಿದ ಕಾವಲು, ಈಗ ನಮ್ಮನ್ನೇ ಹಿಡಿದು ನಿಲ್ಲಿಸಿತ್ತು.

ಎಲ್ಲರಿಗಿಂತ ಮೊದಲು "ಕಾಯೋಣ" ಎಂದದ್ದು ಪುಷ್ಪಮ್ಮನೇ. "ಬರ್ತಾನೆ ಅಂಜನಪ್ಪ. ಬಂದೇ ಬರ್ತಾನೆ. ಐದು ಕೈ ಆಗ್ಲಿ" ಎಂದು ಡ್ರಮ್ಮಿನ ಪಕ್ಕದಲ್ಲಿ ನಿಂತು ಗುಡ್ಡದ ಕಡೆ ನೋಡುತ್ತಿದ್ದಳು.  ಹಾಲಮ್ಮನ ಕೂಗು ದೂರವಾಗುತ್ತ ಹೋಗುತ್ತಿತ್ತು, ಯಾರೂ ಓಗೊಡುತ್ತಿರಲಿಲ್ಲ. ಜೀಪಿನೊಳಗಿಂದ ಶ್ಯಾಮಲಾ ನರಳುವುದು ಕೇಳಿಸುತ್ತಿತ್ತು. ಆಮೇಲೆ ಆ ನರಳಾಟವೂ ನಿಂತಿತು. ನಮಗೆ ಅದೇ ಹೆಚ್ಚು ಭಯವಾಯಿತು.

ರಂಜನಾ ಜೀಪಿನ ಹಿಂಬಾಗಿಲಿನಿಂದ ಇಣುಕಿದಳು. ಅವಳ ಕೈಯಲ್ಲಿದ್ದ ಬಟ್ಟೆ ಪೂರ್ತಿ ನೆನೆದಿತ್ತು.

"ಪುಷ್ಪಕ್ಕ, ಇನ್ನೂ ಯಾರನ್ನ ಕಾಯ್ತಿದ್ದೀರಿ? ಕೈಕಾಲು ತಣ್ಣಗಾಗ್ತಾ ಬಂತು!"

ಪುಷ್ಪಮ್ಮ ಒಮ್ಮೆ ಆ ಬಟ್ಟೆ ನೋಡಿದಳು. ಮತ್ತೆ ಗುಡ್ಡ ನೋಡಿದಳು. ಅವಳ ಗಂಟಲಿನಿಂದ ಎಂಥದೋ ಒಂದು ಸ್ವರ ಹೊರಟಿತು, ಹಾಗೆ ಅವಳು ಗಂಡ ಸತ್ತಾಗಲೂ ಕೂಗಿರಲಿಲ್ಲ. ತಿರುಗಿ ಚೌಡಮ್ಮನ ಕಲ್ಲಿನ ಎದುರು ಹೋಗಿ ನಿಂತಳು. ಕೈ ಮುಗಿಯಲಿಲ್ಲ.

"ನೋಡಮ್ಮಾ, ಇವಳು ನನ್ನ ಮಗಳು. ಇವಳನ್ನ ಬಿಡಕ್ಕೆ ನನ್ನ ಕೈಲಾಗಲ್ಲ. ಮಾತು ಮುರೀತಿರೋದು ನಾನು. ಕಣ್ಣು ಕೀಳು, ಕೈ ಮುರಿ, ಏನ್ ಬೇಕಾದ್ರೂ ನಂಗೇ ಮಾಡು. ಅವಳ ತಂಟೆಗೆ ಬರ್ಬೇಡ."

ಡ್ರಮ್ಮಿನ ಮೇಲಿದ್ದ ಕಾವಲಿನ ಬೋರ್ಡನ್ನು ಎತ್ತಿ ಪಕ್ಕಕ್ಕಿಟ್ಟು ಮುಚ್ಚಳಕ್ಕೆ ಕೈ ಹಾಕಿದಳು. ಗುಂಪಿನಲ್ಲಿ ಯಾರೋ "ಅಯ್ಯಯ್ಯೋ" ಎಂದರು. ಮುಚ್ಚಳ ಬಿಗಿಯಾಗಿತ್ತು. ಎರಡೂ ಕೈಯಲ್ಲಿ ತಿರುಗಿಸಿ ತೆಗೆದು, ಅಲ್ಲೇ ಸುತ್ತಿಟ್ಟಿದ್ದ ಪೈಪಿನ ಒಂದು ತುದಿಯನ್ನು ಒಳಗೆ ಬಿಟ್ಟಳು. ಇನ್ನೊಂದನ್ನು ಬಾಯಿಗಿಟ್ಟು ಎಳೆದಳು. ಅಭ್ಯಾಸವಿಲ್ಲದವಳು, ಡೀಸೆಲ್ ಗಂಟಲಿಗೇ ಹೋಯಿತು. ಕೆಮ್ಮಿ, ವಾಂತಿ ಮಾಡಿಕೊಂಡು, ಬಾಯಿ ಒರೆಸಿಕೊಂಡು ಮತ್ತೆ ಎಳೆದಳು. ಮತ್ತೆ ಕೆಮ್ಮು. ಕಣ್ಣಲ್ಲಿ ಮೂಗಲ್ಲಿ ನೀರು. ಕ್ಯಾನಿಗೆ ಒಂದು ಹನಿ ಬೀಳಲಿಲ್ಲ. ನಮ್ಮ ಯಾರ ಕೈಕಾಲೂ ಆಡಲಿಲ್ಲ, ಸುಮ್ಮನೆ ನೋಡುತ್ತ ನಿಂತಿದ್ದೆವು. ನೆನೆಸಿಕೊಂಡರೆ ಈಗಲೂ ನಾಚಿಕೆಯಾಗುತ್ತದೆ.

ಆಗ ಹಿಂದಿನಿಂದ ಸೌದೆ ಹೊರೆ ದೊಪ್ಪನೆ ಬಿದ್ದ ಸದ್ದಾಯಿತು. ಅಂಜನಪ್ಪ ಬೇರೆ ಇಳಿಜಾರಿನಿಂದ ಇಳಿದು ಬಂದಿದ್ದ. ಹೆಂಡತಿ ಕೂಗಿದ್ದು ಅವನಿಗೆ ಕೇಳಿಸಿಯೇ ಇರಲಿಲ್ಲ. ಅವನು ಜೀಪನ್ನು ನೋಡಿದ, ರಂಜನಾಳ ಕೈಯ ಬಟ್ಟೆ ನೋಡಿದ. ಆಮೇಲೆ ನೆಲದ ಮೇಲೆ ಬಿದ್ದಿದ್ದ ಆ ಮುಚ್ಚಳದ ಕಡೆ ನೋಡಿದವನು ನೋಡುತ್ತಲೇ ನಿಂತ. ಈಗ ಇವನೇನಾದರೂ ಹಳೆಯದು ಎತ್ತಿದರೆ ಕೆಲಸ ಕೆಟ್ಟಿತು ಎಂದುಕೊಂಡೆ.

ಅವನು ಮುಂದೆ ಬಂದು, ಪುಷ್ಪಮ್ಮನ ಕೈಯಿಂದ ಪೈಪು ತೆಗೆದುಕೊಂಡು, ಒಂದೇ ಸಲ ಎಳೆದು ತುದಿಯನ್ನು ಕ್ಯಾನಿಗೆ ಬಿಟ್ಟ. ಡೀಸೆಲ್ ಸುರಿಯಿತು. ಬಾಯಲ್ಲಿದ್ದುದನ್ನು ಉಗಿದ. ಆಗ ನಮಗೆಲ್ಲ ಜೀವ ಬಂತು ನೋಡಿ, ನಾನು ಆಲಿಕೆ ಹಿಡಿದೆ, ಗೋಪಾಲಪ್ಪ ಕ್ಯಾನು ಎತ್ತಿದ, ಭಟ್ಟರು ಪಂಚೆ ಮೇಲೆ ಕಟ್ಟಿ ಜೀಪು ತಳ್ಳಲು ನಿಂತರು.

ಹಿಂದೆ ಶ್ಯಾಮಲಾ, ರಂಜನಾ, ಪುಷ್ಪಮ್ಮ. ಅಂಜನಪ್ಪನೂ ಹತ್ತಿ, ಹುಡುಗಿಯ ಕಾಲನ್ನು ತನ್ನ ತೊಡೆಯ ಮೇಲೆ ಎತ್ತರಕ್ಕೆ ಇಟ್ಟುಕೊಂಡು ಕೂತ, ಕಾಲು ಮೇಲಿರಲಿ ಎಂದು ರಂಜನಾ ಹೇಳಿದ್ದಳು. ನಾನು ದುರ್ಗೇಶನ ಪಕ್ಕದಲ್ಲಿ ಕೂತೆ. ಎಣ್ಣೆ ಕಡಿಮೆಯಾದ ಮೇಲೆ ರಸ್ತೆಯಲ್ಲಿ ಗಾಡಿಯ ಸದ್ದು ಕೇಳಿದರೆ ಸಾಕು, ಜನ ಮನೆಯಿಂದ ಓಡಿ ಬಂದು ಅಡ್ಡ ನಿಲ್ಲುತ್ತಿದ್ದರು. "ಸರೀರಿ, ಸರೀರಿ, ಪೇಷೆಂಟು!" ಎಂದು ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿ ಕೂಗುತ್ತ ಹೋದೆ. ಇಷ್ಟು ವರ್ಷ "ಹತ್ರೀ, ಹತ್ರೀ" ಎಂದು ಕೂಗಿದ ಗಂಟಲು ಇದು.

ಅರ್ಧ ದಾರಿಯಲ್ಲಿ ಒಂದು ತಿರುವಿನಲ್ಲಿ ರಸ್ತೆಗೆ ಅಡಿಕೆ ಮರದ ದಬ್ಬೆ ಅಡ್ಡ ಹಾಕಿದ್ದರು. ಆ ಊರಿನವರದೂ ಒಂದು ಕಟ್ಟುಪಾಡು: ಓಡುವ ಯಾವ ಗಾಡಿಯೇ ಆಗಲಿ, ಅಲ್ಲಿ ಕಾದು ಕೂತವರನ್ನು ಹತ್ತಿಸಿಕೊಂಡೇ ಹೋಗಬೇಕು. ಐದಾರು ಜನ ಗಂಟುಮೂಟೆ ಹಿಡಿದು ನಿಂತಿದ್ದರು. ಮೇಲ್ವಿಚಾರಣೆಗೆ ಪ್ರದೀಪ ಎಂಬ ಯುವಕ, ಕೊರಳಲ್ಲಿ ಸೀಟಿ.

"ಎಲ್ಲಾರೂ ಪೇಷೆಂಟು ಅಂತಾನೇ ಹೇಳೋದು. ನಿನ್ನೆ ಒಬ್ಬ ಅಡಿಕೆ ಮೂಟೆಗೆ ಕಂಬಳಿ ಹೊದಿಸ್ಕೊಂಡು ಬಂದಿದ್ದ. ಹಿಂದುಗಡೆ ತೋರ್ಸಿ" ಎಂದ.

"ಲೋ, ದಬ್ಬೆ ತೆಗಿಯೋ ಮೊದ್ಲು!" ನನ್ನ ಕೋಪ ನೆತ್ತಿಗೇರಿತು. ಇಳಿದು ನಾನೇ ದಬ್ಬೆಗೆ ಕೈ ಹಾಕಿದೆ, ಇಬ್ಬರು ನನ್ನ ತೋಳು ಹಿಡಿದರು. ಅಷ್ಟರಲ್ಲಿ ಪ್ರದೀಪ ಹಿಂದೆ ಹೋಗಿ ಇಣುಕಿದ. ಜೀಪಿನ ಹಲಗೆಯ ಸಂದಿಯಿಂದ ರಸ್ತೆಗೆ ತೊಟ್ಟಿಕ್ಕುತ್ತಿದ್ದುದನ್ನು ಅವನೇ ಮೊದಲು ಕಂಡ. ಬಾಯಿಗೆ ಸೀಟಿಯೂ ಹೋಗಲಿಲ್ಲ ಅವನಿಗೆ, ಓಡಿ ಬಂದು ದಬ್ಬೆಯನ್ನು ಒಬ್ಬನೇ ಎತ್ತಿ ಚರಂಡಿಗೆ ಎಸೆದ.

ತೀರ್ಥಹಳ್ಳಿ ತಲುಪಿದೆವು. ಶ್ಯಾಮಲಾಳನ್ನು ಸ್ಟ್ರೆಚರಿನಲ್ಲಿ ಒಳಗೆ ಒಯ್ದರು. ಬಾಗಿಲು ಮುಚ್ಚಿತು.

ಕಾಯುವುದು ಅಂದರೆ ಏನೆಂದು ನನಗೆ ಗೊತ್ತು, ಕಂಡಕ್ಟರ್ ಕೆಲಸವೇ ಅರ್ಧ ಕಾಯುವುದು. ಆದರೆ ಆ ಮಧ್ಯಾಹ್ನ ಕಾದ ಹಾಗೆ ಎಂದೂ ಕಾದಿಲ್ಲ. ಪುಷ್ಪಮ್ಮ ಗೋಡೆಗೊರಗಿ ನೆಲದ ಮೇಲೆ ಕೂತಿದ್ದಳು, ಬಾಯಿಯಿಂದ ಇನ್ನೂ ಡೀಸೆಲ್ ವಾಸನೆ ಹೊಡೆಯುತ್ತಿತ್ತು. ನೀರು ಕೊಟ್ಟರೆ ಬೇಡವೆಂದಳು. ಒಬ್ಬ ನರ್ಸು ಓಡಿ ಬಂದು ರಕ್ತ ಯಾರು ಕೊಡುತ್ತೀರಿ ಎಂದಳು. ನಾನೂ ದುರ್ಗೇಶನೂ ಕೊಟ್ಟೆವು. ಮತ್ತೆ ಬಾಗಿಲು ಮುಚ್ಚಿತು. ಅಂಜನಪ್ಪ ಎದುರಿನ ಬೆಂಚಿನಲ್ಲಿ ಕೂತು, ಒದ್ದೆಯಾದ ಲುಂಗಿಯ ಅಂಚನ್ನು ಹಿಂಡುತ್ತಿದ್ದ.

ಹೊತ್ತು ಇಳಿದ ಮೇಲೆ ಡಾಕ್ಟರು ಹೊರಗೆ ಬಂದರು. ಹೆಣ್ಣು ಮಗು. ಆಪರೇಷನ್ ಮಾಡಬೇಕಾಯಿತು, ಇನ್ನು ಸ್ವಲ್ಪ ತಡವಾಗಿದ್ದರೆ ಕಷ್ಟವಿತ್ತು, ಈಗ ಇಬ್ಬರೂ ಪಾರಾದರು ಎಂದರು. ನಾನು ದುರ್ಗೇಶನನ್ನು ಅಪ್ಪಿಕೊಂಡು ಅತ್ತುಬಿಟ್ಟೆ. ನಾಚಿಕೆಯೇನಿಲ್ಲ ಅದಕ್ಕೆ.

ಪುಷ್ಪಮ್ಮ ಅಳಲೂ ಇಲ್ಲ, ನಗಲೂ ಇಲ್ಲ. ಎದ್ದು ಅಂಜನಪ್ಪನ ಹತ್ತಿರ ಹೋದಳು. ಅವನ ಕಾಲು ಹಿಡಿಯಲು ಬಗ್ಗಿದಳು. ಅವನು ಗಾಬರಿಯಾಗಿ ಕಾಲನ್ನು ಬೆಂಚಿನ ಮೇಲೆ ಎಳೆದುಕೊಂಡ.

"ಏ, ಏನಿದು? ದೊಡ್ಡೋಳು ನೀನು."

"ಅವತ್ತು ನಿನಗೆ ಬ್ಯಾಡ ಅಂದ ಬಾಯಿ ಇದು" ಎಂದಳು. "ಬೈಯೋ ನಂಗೆ. ನಿನಗೆ ಸಿಟ್ಟಿರತ್ತೆ. ಒಂದ್ಸಲ ಬೈದ್ಬಿಡು."

 ಅಂಜನಪ್ಪನ ಬಾಯಿಂದ ಒಂದೇ ಸಲಕ್ಕೆ ಅಷ್ಟು ಮಾತು ನಾನು ಕೇಳಿದ್ದು ಅದೇ ಮೊದಲು.

"ಸಿಟ್ಟಿರ್ಲಿಲ್ಲ ಅಕ್ಕ. ದೇವ್ರಾಣೆಗೂ ಇರ್ಲಿಲ್ಲ. ಐದು ಕೈ ಆಗ್ದೆ ಆ ಮುಚ್ಚಳ ತೆಗೆಯಕ್ಕೇ ಬರಲ್ಲ ಅಂತ ನಂಬ್ಕೊಂಡಿದ್ದೆ ನಾನು. ಅಮ್ಮನೇ ಬಿಡ್ಲಿಲ್ಲ, ಪುಷ್ಪಕ್ಕ ಏನ್ ಮಾಡ್ತಾಳೆ ಪಾಪ, ಅಂತ. ಹಂಗಂತ ಹೇಳ್ಕೊಂಡೇ ಇಷ್ಟು ದಿನ ಉಂಡಿದ್ದೀನಿ, ಮಲಗಿದ್ದೀನಿ. ಅಪ್ಪಂಗೂ ಹಂಗೇ ಹೇಳ್ತಿದ್ದೆ ಮನಸ್ನಲ್ಲಿ. ಇವತ್ತು ಗುಡ್ಡ ಇಳಿದು ಬಂದು ನೋಡ್ತೀನಿ, ಮುಚ್ಚಳ ನೆಲದ ಮೇಲೆ ಬಿದ್ದಿದೆ. ಒಬ್ಬಳ ಕೈಗೇ ಬಂದಿದೆ. ನನ್ನ ಕೈಗೂ ಬರ್ತಿತ್ತಲ್ಲ ಅಕ್ಕ ಅವತ್ತು. ನಾನ್ಯಾಕೆ ತೆಗೀಲಿಲ್ಲ? ಇನ್ಮೇಲೆ ಅಪ್ಪಂಗೆ ಏನಂತ ಹೇಳ್ಲಿ?"

 ಇಡೀ ಊರಿಗೆ ಎದುರು ಮಾತಾಡುವ ಪುಷ್ಪಮ್ಮ ಅಲ್ಲೇ ಅವನ ಬೆಂಚಿನ ಕೆಳಗೆ ಕುಸಿದು ಕೂತು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.  ನನಗೆ ಅವಳ ಮೇಲೆ ಇದ್ದ ಸಿಟ್ಟೆಲ್ಲ ಎಲ್ಲಿ ಹೋಯಿತೋ, ಇಬ್ಬರನ್ನೂ ನೋಡಿ ಸಂಕಟವಾಯಿತು.

ಬಾಗಿಲು ತೆರೆದು ನರ್ಸು ತಲೆ ಹಾಕಿದಳು. "ಶ್ಯಾಮಲಾ ಕಡೆಯೋರು ಯಾರು? ಮಗು ನೋಡೋರು ಬನ್ನಿ. ಒಬ್ರೇ ಬರ್ಬೇಕು."

ಪುಷ್ಪಮ್ಮ ಏಳಲಿಲ್ಲ. ನರ್ಸು ಇನ್ನೊಮ್ಮೆ ಕರೆದಳು. ಅಂಜನಪ್ಪ ಬೆಂಚಿನಿಂದ ಇಳಿದು, ಅವಳ ರಟ್ಟೆ ಹಿಡಿದು ಎಬ್ಬಿಸಿದ.

"ಹೋಗಕ್ಕ" ಎಂದ. "ನೋಡಕ್ಕೆ ಸಿಕ್ಕಾಗ ನೋಡ್ಬಿಡ್ಬೇಕು."